ಒಂದು ಗುಂಡು ಕಡಿಮೆ

ನಾನು ಚಿಕ್ಕವಳಿದ್ದಾಗ ದಾಂಡೇಲಿಯ ನಮ್ಮ ಮನೆಯ ಅನ್ನಕ್ಕೂ ಕಾಗದದ ಮಿಲ್ಲಿನ ವಾಸನೆ ಹತ್ತಿಕೊಂಡಿರುತ್ತಿತ್ತು, ಬೇಯುವ ಬಿದಿರಿನ ಹುಳಿ ವಾಸನೆ. ಅವ್ವ ತೀರಿಕೊಂಡ ವಾರ ಅದೂ ನನ್ನ ಮೂಗಿಗೆ ತಿಳಿಯಲಿಲ್ಲ. ಅಳುವೂ ಬರಲಿಲ್ಲ. ಓಣಿಯವರು ತಂದಿಟ್ಟ ರೊಟ್ಟಿ ಬುತ್ತಿ ಹಾಗೇ ಒಣಗುತ್ತಿತ್ತು. "ಹುಡುಗಿ ಕಲ್ಲಾಗ್ಯಾಳ" ಎಂದು ಯಾರೋ ಅಂದರು. ಆದರೆ ಆಗಲಿ ಎಂದುಕೊಂಡೆ.

ಅಪ್ಪನಿಗೆ ಮಿಲ್ಲಿನಲ್ಲಿ ಪಾಳಿ ಕೆಲಸ. ಮನೆಯಲ್ಲಿ ನನ್ನನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಅದಕ್ಕೇ ಆ ಬೆಳಿಗ್ಗೆ ನನ್ನನ್ನು ಹಳಿಯಾಳದ ಅತ್ತೆಯ ಮನೆಗೆ ಬಿಟ್ಟುಬರಲು ಹೊರಟಿದ್ದ. ಆದರೆ ಸೈಕಲ್ಲಿನ ಹ್ಯಾಂಡಲ್ ಬುಡ ಸಡಿಲವಾಗಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಕಟಕಟ ಎನ್ನುತ್ತಿತ್ತು.

ಅಂಗಳದಲ್ಲಿ ಗೋಣಿಚೀಲ ಹಾಸಿ ಅಪ್ಪ ಅದನ್ನು ಬಿಚ್ಚಿದ. ಮೇಲೊಂದು ಕೆಳಗೊಂದು ಪುಟ್ಟ ಬಟ್ಟಲು, ಅವುಗಳಲ್ಲಿ ಜೋಳದ ಕಾಳಿನಷ್ಟು ಉಕ್ಕಿನ ಗುಂಡುಗಳು. ಅವು ಉರುಳಿದರೇ ಹ್ಯಾಂಡಲ್ ತಿರುಗುವುದು. ಅಪ್ಪ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದ, ನಾನು ಒರೆಸಿದೆ. ಅವನು ಅತ್ತ ತಿರುಗಿದಾಗ ಒಂದನ್ನು ಬಾಯಿಗೆ ಹಾಕಿಕೊಂಡೆ. ಗುಂಡಿಲ್ಲದಿದ್ದರೆ ಸೈಕಲ್ಲು ಹೊರಡುವುದಿಲ್ಲ, ನಾನು ಅಪ್ಪನ ಹತ್ತಿರವೇ ಇರುತ್ತೇನೆ ಎಂಬ ಲೆಕ್ಕ. ಮಕ್ಕಳೇ, ನೀವು ಯಾರಾದರೂ ಹಾಗೆ ಬಾಯಿಗೆ ಹಾಕಿಕೊಂಡರೆ ಕಿವಿ ಹಿಂಡುತ್ತೇನೆ, ನೆನಪಿರಲಿ.

ಗ್ರೀಸಿನ ಡಬ್ಬಿ ಬರಿದಾಗಿತ್ತು. ಅಪ್ಪ ಒಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತಂದ. ಅದು ಅವ್ವ ಕಡೆದಿಟ್ಟ ಬೆಣ್ಣೆಯ ಗಡಿಗೆ. ಬಟ್ಟಲಿಗೆಲ್ಲ ಬಳಿದಾದ ಮೇಲೆ ತನ್ನ ಬೆರಳನ್ನೇ ನೋಡುತ್ತ ಕುಳಿತ. ಆಮೇಲೆ ಅದೇ ಬೆಣ್ಣೆಯಲ್ಲಿ ಗುಂಡುಗಳನ್ನು ಒಂದೊಂದಾಗಿ ಕೂರಿಸಿದ.

ಕೊನೆಗೆ ಒಂದು ಗುಂಡಿನ ಜಾಗ ಖಾಲಿ ಉಳಿಯಿತು. ಅಪ್ಪ ಹುಡುಕಲಿಲ್ಲ. ಹ್ಯಾಂಡಲ್ ಹಾಕಿ, ನಟ್ಟು ಬಿಗಿದು, ತುಸು ಸಡಿಲಿಸಿ, ಮುಂದಿನ ಗಾಲಿ ಎತ್ತಿ ನೋಡಿದ. ಹ್ಯಾಂಡಲ್ ಸದ್ದಿಲ್ಲದೆ ತಾನಾಗಿಯೇ ತಿರುಗಿತು.

"ಒಂದು ಕಡಿಮಿ ಇದ್ರೂ ನಡೀತೈತಿ. ಹತ್ತಿ ಕುಂದ್ರು" ಎಂದ.

ನನಗೆ ಸೈಕಲ್ಲಿನ ಮೇಲೆ ಸಿಟ್ಟು ಬಂತು. ಅದು ತಿರುಗಬಾರದಿತ್ತು.

ದಾರಿಯಲ್ಲಿ ಬಿದಿರು ಹೇರಿದ ಲಾರಿಗಳು ಧೂಳೆಬ್ಬಿಸಿ ಹೋದವು. ಗುಂಡನ್ನು ಬಾಯಿಂದ ಮುಷ್ಟಿಗೆ ದಾಟಿಸಿದೆ. ಬಿಸಿಲೇರಿದಂತೆ ಬೆಣ್ಣೆ ಕರಗಿ ಇಳಿಯತೊಡಗಿತು. ಎಷ್ಟೋ ದಿನದ ಮೇಲೆ ಮೂಗಿಗೆ ಒಂದು ವಾಸನೆ ತಿಳಿಯಿತು, ಅವ್ವನ ಕೈಯ ವಾಸನೆ.

ಅತ್ತೆಯ ಮನೆಯ ನಾಯಿ ಓಡಿಬಂದು ಸೈಕಲ್ಲು ನೆಕ್ಕತೊಡಗಿತು. "ಏನೋ ಅಣ್ಣಾ, ಸೈಕಲ್ಲಿಗೆ ಯಾರರ ಬೆಣ್ಣಿ ಹಚ್ತಾರೇನೋ?" ಎಂದು ಅತ್ತೆ ನಕ್ಕಳು. ಅದು ಯಾರು ಕಡೆದ ಬೆಣ್ಣೆ ಎಂದು ಹೊಳೆದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ಹೊರಟು ನಿಂತಾಗ ಅವನ ಮುಂದೆ ಮುಷ್ಟಿ ಬಿಚ್ಚಿದೆ. ಅವನು ಬೈಯಲಿಲ್ಲ. ನನ್ನ ಬೆರಳುಗಳನ್ನು ಮತ್ತೆ ಮಡಚಿದ.

"ನಿನ್ನ ಕಡೇನ ಇರಲಿ. ರವಿವಾರ ಬರ್ತೇನಿ."

ಹೇಳಿದಂತೆ ಬಂದ. ಆಮೇಲೂ ಎಷ್ಟೋ ರವಿವಾರ ಬಂದ, ಪ್ರತಿಸಲವೂ ಸಂಜೆ ಹೊರಟುಹೋದ.

ಈಗ ನಿಮ್ಮ ಸೈಕಲ್ಲಿನ ಗುಂಡುಗಳು ಎಲ್ಲಿವೆ ಎಂದೇ ಕಾಣುವುದಿಲ್ಲ. ಅಂಗಡಿಯವನು ಹಳೆಯದನ್ನು ಕಿತ್ತು ಗುಂಡುಗಳನ್ನು ಸಿಕ್ಕಿಸಿಟ್ಟ ಇಡೀ ಹೊಸ ಬಳೆಯನ್ನೇ ಕೂರಿಸುತ್ತಾನೆ. ಒಂದನ್ನು ಅಡಗಿಸೋಣವೆಂದರೂ ಆಗದು. ನಿಮಗೆ ಅದರ ಅಗತ್ಯವೂ ಇಲ್ಲ ಬಿಡಿ. ನಿಮ್ಮಪ್ಪ ಊರಿಗೆ ಹೊರಟರೆ ಕಾಲಿಗೆ ಜೋತುಬಿದ್ದು "ಹೋಗಬೇಡ" ಎಂದು ಮನೆ ಹಾರಿಹೋಗುವಂತೆ ಕಿರುಚುತ್ತೀರಿ. ಎಲ್ಲರೂ ನಿಮ್ಮನ್ನು ಗದರುತ್ತಾರೆ. ನಾನು ಗದರುವುದಿಲ್ಲ. ಆ ಒಂದು ಮಾತು ಬಾಯಿಗೆ ಬಾರದೆ ನಾನು ಅಲ್ಲಿ ಗುಂಡು ಇಟ್ಟುಕೊಂಡಿದ್ದೆ.