ಹೆಡ್‌ಫೋನಿನ ಚರಚರ, ಒಂದು ತಂಬಿಗೆ ನೀರು

ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರಿಗೆ, ಬಾಳೆಹಣ್ಣಿನ ಅಂಗಡಿಗಳ ಸಾಲಿನ ಕೊನೆಯಲ್ಲಿ ಮಾಪಣ್ಣನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿ ಎಷ್ಟು ದೊಡ್ಡದು ಎಂದರೆ, ಇಬ್ಬರು ಒಳಗೆ ಹೋದರೆ ಮೂರನೆಯವನು ಬೀದಿಯಲ್ಲಿ ನಿಂತೇ ಮಾತಾಡಬೇಕು. ಆದರೂ ಮಹಾಗಾಂವದಿಂದ ಈಚೆಗೆ ಯಾರ ಮನೆಯ ರೇಡಿಯೋದ ಗಂಟಲು ಕಟ್ಟಿದರೂ ಅದು ಬಟ್ಟೆಯಲ್ಲಿ ಸುತ್ತಿಸಿಕೊಂಡು ಬರುತ್ತಿದ್ದುದು ಇಲ್ಲಿಗೇ. ಎರಡು ಸಾವಿರದ ನಾಲ್ಕನೆಯ ಇಸವಿಯ ಹೊತ್ತಿಗೆ ರೇಡಿಯೋಗಳೇ ಊರು ಬಿಟ್ಟಿದ್ದವು ಅನ್ನಿ. ಮಾಪಣ್ಣ ಮಿಕ್ಸರು, ಫ್ಯಾನು ಅಂತ ಕೈಗೆ ಸಿಕ್ಕಿದ್ದನ್ನು ಮಾಡಿಕೊಂಡು ಇದ್ದ.

ಅವನು ಕೆಲಸ ಕಲಿತದ್ದು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ, ಕರೀಂಸಾಬನ ಹತ್ತಿರ. ಕರೀಂಸಾಬನದು ಒಂದೇ ಕಾನೂನು: ಕೆಟ್ಟ ಸೆಟ್ಟು ಮುಂದೆ ಬಂದರೆ ಮೊದಲು ಚಹಾ ತರಿಸಬೇಕು. ಚಹಾ ಮುಗಿಯುವವರೆಗೆ ಸೆಟ್ಟನ್ನು ಹಚ್ಚಿಟ್ಟು ಕೇಳಬೇಕು, ಸ್ಕ್ರೂಡ್ರೈವರ್ ಮುಟ್ಟಬಾರದು. "ಪೈಲೇ ಕಾನ್, ಬಾದ್ ಮೇ ಹಾತ್" ಅನ್ನುತ್ತಿದ್ದ. ಕಿವಿ ಮೊದಲು, ಕೈ ಆಮೇಲೆ. ಮಾಪಣ್ಣನ ಕಿವಿ ಹಾಗೆ ಪಳಗಿದ್ದು. ಕರೀಂಸಾಬ ಸತ್ತು ಹತ್ತು ವರ್ಷವಾದರೂ ಚಹಾದ ಕಾನೂನು ಮಾತ್ರ ಮುರಿದಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಒಂದು ಸೋಮವಾರ, ಪಕ್ಕದ ಕಿರಾಣಿ ಅಂಗಡಿಯ ಅಣವೀರಪ್ಪ ತನ್ನ ಫೋನು ಕೆಳಗಿಟ್ಟು ಹೊರಗೆ ಬಂದ.

"ಮಾಪಣ್ಣ, ಕಲಬುರಗಿಯಿಂದ ಬಂಡುರಾವ್ ಅನ್ನೋರು ಮಾಡಿದ್ರು. ಅವರ ಮನ್ಯಾಗ ಕಂಪ್ಯೂಟರ್ ಕೆಟ್ಟದಂತ. ನಿನಗ ಬಾ ಅಂದಾರ."

"ಕಂಪ್ಯೂಟರಾ? ನಾ ಮುಟ್ಟಿಯೂ ನೋಡಿಲ್ಲಲ್ಲಪ್ಪ."

"ಅದಕ್ಕೇ ಹೇಳಕತ್ತೀನಿ. ಸೋಲ್ಡರ್ ಕಡ್ಡಿ ಒಯ್ದು ಸುಟ್ಟು ಬಂದ್ಗಿಂದಿ" ಎಂದು ಅಣವೀರಪ್ಪ ಹೊಟ್ಟೆ ಕುಣಿಸಿ ನಕ್ಕ.

ಮನೆಯಲ್ಲಿ ಹೆಂಡತಿ ಭೀಮಬಾಯಿಯೂ ಅದೇ ರಾಗ ಹಾಡಿದಳು. "ಕಲಿತ ಮಂದಿ ಕೈಬಿಟ್ಟಿದ್ದಕ್ಕ ನೀವ್ಯಾಕ ಕೈ ಹಾಕ್ತೀರಿ? ಇದ್ದ ಹೆಸರು ಕಳಕೊಂಡು ಬರ್ತೀರಿ" ಎಂದಳು. ಹಾಗೆ ಅನ್ನುತ್ತಲೇ ಅವನ ಚೀಲದಲ್ಲಿ ಒಂದು ಡಜನ್ ಕೆಂಪು ಬಾಳೆಹಣ್ಣನ್ನೂ ಇಟ್ಟಳು. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದಂತೆ.

ಬಂಡುರಾಯರು ಬ್ಯಾಂಕಿನಲ್ಲಿ ಗುಮಾಸ್ತರು. ಮನೆ ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಹಳೆಯ ವೈಷ್ಣವರ ಮನೆ. ಮಾಪಣ್ಣನನ್ನು ಕರೆಸಿದ್ದು ಅವರ ತಾಯಿ ಸರಸ್ವತೀಬಾಯಿ. ಆ ಮನೆಯ ಟೇಪ್‌ರೆಕಾರ್ಡರ್ ರಿಪೇರಿಗೆ ಹಿಂದೆ ಬರುತ್ತಿದ್ದವನು ಕರೀಂಸಾಬ. ಅವನಿಲ್ಲದಿದ್ದರೆ ಅವನ ಶಿಷ್ಯನಾದರೂ ಬರಲಿ ಎಂದು ಮುದುಕಿ ಹಠ ಹಿಡಿದಿದ್ದಳಂತೆ. ಹಠಕ್ಕೆ ಕಾರಣವೂ ಇತ್ತು. ಶುಕ್ರವಾರ ಆಕೆಯ ಸಹಸ್ರಚಂದ್ರ ದರ್ಶನ. ಸಾವಿರ ಹುಣ್ಣಿಮೆ ಕಂಡ ಜೀವಕ್ಕೆ ಮಕ್ಕಳು ಮೊಮ್ಮಕ್ಕಳು ಸೇರಿ ಮಾಡುವ ಶಾಂತಿ. ಏನು ಬೇಕು ಎಂದು ಮಗ ಕೇಳಿದರೆ ಸೀರೆ ಬೇಡ, ಬಂಗಾರ ಬೇಡ, ನಿಮ್ಮಪ್ಪನ ದನಿ ಕೇಳಿಸು ಎಂದಿದ್ದಳು.

ಅಪ್ಪ ವಾಸುದೇವರಾಯರು ಹೋಗಿ ಹನ್ನೆರಡು ವರ್ಷ. ಅವರ ದನಿ ಉಳಿದಿದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಎಂಬತ್ತಾರರಲ್ಲಿ ಹೊಸ ಟೇಪ್‌ರೆಕಾರ್ಡರ್ ತಂದ ವಾರ ಹೆಂಡತಿಯ ಹಾಡು ತುಂಬಿಸುತ್ತ ನಡುನಡುವೆ ತಾವೂ ಮಾತಾಡಿದ್ದರು. ರೀಲು ಈಗ ಎರಡು ಕಡೆ ಕಡಿದು ಅಂಟಿಸಿಕೊಂಡಿತ್ತು. ಇನ್ನೊಂದು ಸಲ ಓಡಿದರೆ ಅದೇ ಹೆಚ್ಚು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಹೆಡ್‌ಫೋನಿನಲ್ಲಿ ಕೇಳಿಸಬೇಕು. ಸರಸ್ವತೀಬಾಯಿಯ ಕಿವಿ ಮಂದವಾಗಿ, ಸ್ಪೀಕರಿನ ಮಾತು ಅರ್ಧವೂ ತಲುಪುತ್ತಿರಲಿಲ್ಲ.

"ಒಮ್ಮಿ ಇಳಿಸಿದೆ ಮಾಪಣ್ಣ. ಬರೇ ಚರಚರ. ಆಮ್ಯಾಲ ನೋಡಿದ್ರ ಟೇಪು ಹಚ್ಚದೆನೂ ಚರಚರ" ಎಂದರು ಬಂಡುರಾಯರು. ಹೆಡ್‌ಫೋನು ಎರಡು ಸಲ ಬದಲಿಸಿಯಾಗಿತ್ತು. ಅಂಗಡಿಯ ಹುಡುಗರು ಬಂದು ಸೌಂಡ್ ಕಾರ್ಡ್ ಬದಲಿಸಿದರು, ಒಳಗಿನದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದರು, ಕೊನೆಗೆ ಕಂಪ್ಯೂಟರೇ ಹೊಸದು ತಗೊಳ್ಳಿ ಎಂದು ಹೇಳಿ ಕೈ ತೊಳೆದುಕೊಂಡರು.

ಮಾಪಣ್ಣನಿಗೆ ಚಹಾ ಬಂತು, ಹೊರಗಿನವರಿಗೆಂದು ಬೇರೆ ಇಟ್ಟ ಗಾಜಿನ ಗ್ಲಾಸಿನಲ್ಲಿ. ಅವನು ಹೆಡ್‌ಫೋನು ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲೆ ಬಿಟ್ಟು ಕುಳಿತ. ಗುಟುಕು ಗುಟುಕಾಗಿ ಚಹಾ ಇಳಿಯಿತು. ಚರಚರ ಒಂದೇ ಸಮ ಇರಲಿಲ್ಲ. ಪಕ್ಕದ ಮನೆಯವರು ನೀರಿನ ಮೋಟಾರು ಹಚ್ಚಿದಾಗ ಒಮ್ಮೆ ಉಕ್ಕಿತು, ನಿಲ್ಲಿಸಿದಾಗ ಇಳಿಯಿತು. ಗ್ಲಾಸು ಖಾಲಿಯಾದ ಮೇಲೆ ಅವನು ಬೆರಳ ಹಿಂಬದಿಯಿಂದ ಕಂಪ್ಯೂಟರಿನ ತಗಡಿನ ಡಬ್ಬಿಯನ್ನು ಮೆಲ್ಲಗೆ ಸವರಿದ. ಝುಂ ಎಂದಿತು. ಟೆಸ್ಟರ್ ಇಟ್ಟ, ದೀಪ ಮಿಣಕ್ ಎಂದಿತು.

"ಸಾಹೇಬ್ರ, ಕಂಪ್ಯೂಟರ್‌ಗ ಏನೂ ಆಗಿಲ್ರಿ. ನಿಮ್ಮ ನೆಲಕ್ಕ ಆಗ್ಯಾದ."

ಬಂಡುರಾಯರಿಗೆ ನಗು ತಡೆಯಲಿಲ್ಲ. "ಕುಣಿಲಿಕ್ಕ ಬರಲಾರದಾಕಿ ನೆಲ ಡೊಂಕು ಅಂದಳಂತ."

"ಅನ್ಲಿ ಬಿಡ್ರಿ. ಅರ್ಥಿಂಗ್ ಹೋಗ್ಯಾದ. ಸೋರಿದ ಕರೆಂಟು ಮಣ್ಣಾಗ ಇಳೀಬೇಕು. ಇಳೀಲಿಕ್ಕ ದಾರಿ ಸಿಗದ ನಿಮ್ಮ ಕಿವ್ಯಾಗ ಕುಣಿಲಕತ್ತದ. ಅರ್ಥಿಂಗ್ ಗುಂಡಿ ಎಲ್ಲದ ತೋರಿಸ್ರಿ."

ಅಲ್ಲಿಗೆ ಗಾಡಿ ನಿಂತಿತು. ಗುಂಡಿಯ ಜಾಗ ನೆನಪಿಟ್ಟಿದ್ದವರು ವಾಸುದೇವರಾಯರು ಒಬ್ಬರೇ. ಸರಸ್ವತೀಬಾಯಿಯನ್ನು ಕೇಳಿದರೆ ನೆನಪಿಲ್ಲ ಎಂದು ತಲೆಯಾಡಿಸಿದಳು. ಗೋಡೆಗೆ ಹೊಸ ಗಿಲಾವು, ಹಿಂದಿನ ಅಂಗಳಕ್ಕೆ ಈ ಕಡೆಯಿಂದ ಆ ಕಡೆಯವರೆಗೆ ಹೊಸ ಶಹಾಬಾದ ಫರ್ಸಿಕಲ್ಲು. ತಂತಿ ಎಲ್ಲಿ ಇಳಿದು ಎತ್ತ ಹೋಗಿದೆಯೋ ದೇವರೇ ಬಲ್ಲ. ಫರ್ಸಿ ಒಡೆದು ಹುಡುಕಬೇಕು ಎಂದರೆ ಬಂಡುರಾಯರು ಎರಡೂ ಕೈ ಎತ್ತಿದರು. ನಾಲ್ಕು ದಿನಕ್ಕೆ ನೂರು ಮಂದಿ ಉಣ್ಣಲು ಕೂರುವ ಅಂಗಳ ಅದು.

ಮಾಪಣ್ಣನಿಗೆ ಒಳಗೊಳಗೇ ಉರಿಯಿತು. ರೋಗ ಸಿಕ್ಕಿದೆ, ಮದ್ದೂ ಗೊತ್ತಿದೆ, ಕಾಲಿಡಲು ಜಾಗವಿಲ್ಲ. ಬರಿಗೈಯಲ್ಲಿ ಹೋದರೆ ಅಣವೀರಪ್ಪ ವಾರಗಟ್ಟಲೆ ನಗುತ್ತಾನೆ. ಅದು ಹಾಳಾಗಲಿ, ಬಾಗಿಲ ಬಳಿ ಕುಳಿತ ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ಚೀಲ ಎತ್ತಿಕೊಳ್ಳಲು ಅವನಿಂದ ಆಗಲಿಲ್ಲ.

"ಒಮ್ಮಿ ಇಳಿಸೀನಿ ಅಂದ್ರಲ್ಲ, ಅದನ್ನರ ಕೇಳಿಸ್ರಿ" ಎಂದ.

ಹೆಡ್‌ಫೋನಿನಲ್ಲಿ ಹುರಿಗಡಲೆ ಸಿಡಿದ ಹಾಗೆ ಸದ್ದು. ಅದರ ಹಿಂದೆ ಎಲ್ಲೋ ಹೆಣ್ಣು ದನಿ, ಗಟ್ಟಿಯಾದ, ಸೊಗಸಾದ ದನಿ, ದೇವರ ಹಾಡು. ಮಾಪಣ್ಣ ಕಣ್ಣು ಮುಚ್ಚಿದ. ಹಾಡಿನ ನಡುವೆ ಧಡ್ ಧಡ್ ಎಂದು ಬೇರೊಂದು ಸದ್ದು ಕೇಳಿತು. ಹಾರೆಯ ಸದ್ದು. ಹಾಡು ನಿಂತಿತು.

"ಏ ತಮ್ಮಾ, ಹಾರಿ ಮೆಲ್ಲಕ ಹಾಕೋ. ತುಳಸಿ ಬೇರಿಗಿ ಬಡದೀತು."

"ಇಲ್ರಿ ಅಮ್ಮಾರ, ಕಟ್ಟಿ ಬಿಟ್ಟು ಒಂದು ಮೊಳ ದೂರ ತೋಡಲಕತ್ತೀನ್ರಿ."

ಆ ಎರಡನೆಯ ದನಿ ಕೇಳಿ ಮಾಪಣ್ಣನ ರೋಮ ನಿಮಿರಿತು. ಅದು ತನ್ನದೇ, ಇಪ್ಪತ್ತೆರಡು ವರ್ಷದ ಮಾಪಣ್ಣನ ದನಿ. ಕರೀಂಸಾಬ ಆಗ ಎಷ್ಟು ಮನೆಗಳಿಗೆ ಅರ್ಥಿಂಗ್ ಗುಂಡಿ ತೋಡಲು ಕಳಿಸಿದ್ದನೋ ಲೆಕ್ಕವಿರಲಿಲ್ಲ. ಇದೂ ಒಂದು ಎಂದು ಅವನಿಗೆ ನೆನಪೇ ಇರಲಿಲ್ಲ. ಕ್ಯಾಸೆಟ್ಟು ಮುಂದುವರಿಯಿತು.

"ಅಮ್ಮಾರ, ಕುಡಿಲಿಕ್ಕ ಸ್ವಲ್ಪ ನೀರ್ರಿ."

"ಬೊಗಸಿ ಹಿಡಿ, ಮ್ಯಾಲಿಂದ ಹೊಯ್ತೀನಿ."

ಆಮೇಲೆ ಗಂಡುದನಿಯೊಂದು ಏನೋ ಅಂದಿತು. ಅದು ಪೂರಾ ಚರಚರದಲ್ಲಿ ಮುಳುಗಿತು. ಮತ್ತೆ ಹಾಡು.

ಮಾಪಣ್ಣ ಹೆಡ್‌ಫೋನು ತೆಗೆದ. ಗುಂಡಿಯ ಮಾತಿಗೆ ಎದೆ ಹಿಗ್ಗಿತ್ತು, ಬೊಗಸೆಯ ಮಾತಿಗೆ ಚುರ್ ಎಂದಿತ್ತು. ಎರಡನೆಯದನ್ನು ಅವನು ಬದಿಗಿಟ್ಟ. ಅಂಥದ್ದನ್ನು ಬದಿಗಿಟ್ಟು ಕೆಲಸ ಮಾಡುವುದು ಅವನಿಗೆ ಹೊಸದಲ್ಲ.

"ಸಾಹೇಬ್ರ, ಬಾಗಿಲ ಮುಂದಿನ ತುಳಸಿಕಟ್ಟಿ ಮೊದಲು ಎಲ್ಲಿತ್ತು?"

"ಹಿಂದಿನ ಅಂಗಳದ ಮೂಲ್ಯಾಗ. ಸಂಕ್ರಾಂತಿ ಆದಮ್ಯಾಲ ಮುಂದಿನ ಬಾಗಿಲಿಗಿ ತಂದ್ವಿ, ಅಲ್ಲಿ ಫರ್ಸಿ ಹಾಕಿಸಿದ್ವಿ. ಯಾಕ?"

"ಚರಚರ ಯಾವಾಗಿಂದ?"

ರಾಯರು ಬೆರಳು ಮಡಿಸಿ ಎಣಿಸಿದರು. ಹೋಳಿಹುಣ್ಣಿಮೆಗೆ ಬಂದು ನಿಂತವರು, ತಾವೇ ಹಾರೆ ತರಲು ಎದ್ದರು.

ಮೂಲೆಯ ಒಂದೇ ಒಂದು ಫರ್ಸಿ ಎಬ್ಬಿಸಿದರು. ಕೆಳಗೆ ಕಬ್ಬಿಣದ ಪೈಪು, ಸುತ್ತ ಇದ್ದಿಲು, ಉಪ್ಪು. ಮಣ್ಣು ಬೂದಿಯ ಹಾಗೆ ಒಣಗಿತ್ತು. ಅರ್ಥಿಂಗ್ ಗುಂಡಿಗೆ ತೇವ ಬೇಕು, ಆ ಮನೆಯಲ್ಲಿ ಹದಿನೆಂಟು ವರ್ಷ ಯಾರೂ ಅದಕ್ಕೆಂದು ಹನಿ ನೀರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಸರಸ್ವತೀಬಾಯಿ ದಿನಾ ಬೆಳಿಗ್ಗೆ ಮಡಿಯುಟ್ಟು ತುಳಸಿಗೆ ಸುರಿದ ತಂಬಿಗೆ ನೀರು ಗುಂಡಿಯನ್ನೂ ಸಾಕಿತ್ತು. ತುಳಸಿಯಮ್ಮ ಮುಂದಿನ ಬಾಗಿಲಿಗೆ ಹೋದಳು, ಗುಂಡಿಯ ಬಾಯಿ ಒಣಗಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ, ಇಷ್ಟು ಮಂದಿ ಕಂಪ್ಯೂಟರಿನ ಹೊಟ್ಟೆ ಬಗೆದದ್ದು ಇದಕ್ಕೆ!

ಮಾಪಣ್ಣ ಪೈಪಿನ ತುಕ್ಕನ್ನು ಮರಳುಕಾಗದದಿಂದ ಉಜ್ಜಿ ತಂತಿ ಬಿಗಿದ. ಎರಡು ಸೇರು ಉಪ್ಪು, ನಾಲ್ಕು ಕೊಡ ನೀರು. ಮಣ್ಣು ಗುಳುಗುಳು ಕುಡಿಯಿತು. ಒಳಗೆ ಬಂದು ಡಬ್ಬಿಗೆ ಟೆಸ್ಟರ್ ಇಟ್ಟರೆ ದೀಪ ಹತ್ತಲಿಲ್ಲ. ಹೆಡ್‌ಫೋನಿನಲ್ಲಿ ಚರಚರ ಇರಲಿ, ಉಸಿರೂ ಇರಲಿಲ್ಲ. ಬಂಡುರಾಯರು ಮೂರು ಸಲ ಹಾಕಿಕೊಂಡು, ಮೂರು ಸಲ ತೆಗೆದು, ಕೊನೆಗೆ ಮಾಪಣ್ಣನ ಬೆನ್ನು ತಟ್ಟಿದರು.

"ನೆಲಾನೇ ಡೊಂಕಿತ್ತಲ್ಲೋ ಮಾರಾಯ."

ಇನ್ನು ಕ್ಯಾಸೆಟ್ಟು. ಮಾಪಣ್ಣ ಪೆನ್ಸಿಲ್ಲಿನಿಂದ ರೀಲನ್ನು ಹದವಾಗಿ ಸುತ್ತಿ ಟೇಪ್‌ರೆಕಾರ್ಡರಿಗೆ ಹಾಕಿದ. ಕಂಪ್ಯೂಟರ್ ತುಂಬಿಕೊಳ್ಳುತ್ತಿರುವಾಗಲೇ ಕೇಳಲೆಂದು ಹೆಡ್‌ಫೋನನ್ನು ಸರಸ್ವತೀಬಾಯಿಯ ತಲೆಗೆ ಹಾಕಿದರು. ರೀಲು ತಿರುಗಿತು. ಅಂಟಿಸಿದ ಕಡೆ ಬಂದಾಗ ಮಾಪಣ್ಣ ಉಸಿರು ಹಿಡಿದ, ದಾಟಿತು. ಮುದುಕಿಯ ತುಟಿ ಹಾಡಿನ ಜೊತೆ ಅಲುಗತೊಡಗಿತು. ಆಮೇಲೆ ಹುಬ್ಬು ಮೇಲೆ ಹೋಯಿತು, ಮುಖ ಅರಳಿತು. ಗಂಡ ಮಾತಾಡಿದ್ದರು. ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಇನ್ನೂ ಸ್ವಲ್ಪ ಹೊತ್ತಿಗೆ ಆ ಮುಖ ಇದ್ದಕ್ಕಿದ್ದಂತೆ ಸಣ್ಣದಾಯಿತು. ಮಾಪಣ್ಣನಿಗೆ ಗೊತ್ತಾಯಿತು, ಕ್ಯಾಸೆಟ್ಟು ಎಲ್ಲಿಗೆ ಬಂದಿದೆ ಎಂದು. ಅವನು ಕಿಟಕಿಯತ್ತ ನೋಡಿದ.

ರೀಲು ಕಡಿಯದೆ ಕೊನೆ ಮುಟ್ಟಿತು. ಸರಸ್ವತೀಬಾಯಿ ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಮಾಪಣ್ಣ, ಅವತ್ತು ಗುಂಡಿ ತೋಡಿದಾಂವ ನೀನೇ ಏನೋ?"

ಅವನು ಹತ್ತಿರ ಹೋಗಿ ಆಕೆಯ ಕಿವಿಗೆ ಬಾಗಿ ಗಟ್ಟಿಯಾಗಿ ಹೇಳಿದ. "ಹೌದ್ರಿ ಅಮ್ಮಾರ."

"ನೀರು ಮ್ಯಾಲಿಂದ ಹೊಯ್ದೆ."

"ಹೌದ್ರಿ. ತಣ್ಣಗಿತ್ರಿ ನೀರು."

"ಅವರು ಅಂದಾರ ನೋಡೋ ಅದರಾಗ. 'ತಂಬಿಗಿನೇ ಕೈಯಾಗ ಕೊಟ್ರ ಏನಾಗ್ತದ? ಕೊಡು' ಅಂತ ಅಂದಾರ. ನಾ ಕೇಳಲಿಲ್ಲ. ಹಾಡಕೋತ ಕೂತೆ."

ಚರಚರದಲ್ಲಿ ಮುಳುಗಿಹೋಗಿದ್ದ ಮಾತು ಅದಾಗಿತ್ತು. ಬಂಡುರಾಯರು ಮುಂದೆ ಬಂದು, "ಆಯಿ, ಆ ತುಂಡು ಕತ್ತರಿಸಿ ತೆಗೀಲಿಕ್ಕ ಬರ್ತದ, ಕಂಪ್ಯೂಟರಿನಾಗ" ಎಂದು ಕಿವಿಯಲ್ಲಿ ಹೇಳಿದರು.

"ಒಂದು ಅಕ್ಷರ ತೆಗೀಬ್ಯಾಡ" ಎಂದು ಆಕೆ ಎದ್ದಳು. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ದೇವರಮನೆಯಿಂದ ತನ್ನ ತಾಮ್ರದ ತಂಬಿಗೆಯನ್ನು ತುಂಬಿಕೊಂಡು ಬಂದಳು. ಮಗ ಹಿಡಿಯಲು ಹೋದರೆ ಕೊಡಲಿಲ್ಲ. ಮಾಪಣ್ಣನ ಎರಡೂ ಕೈಯಲ್ಲಿ ಇಟ್ಟಳು.

"ಕಚ್ಚಿ ಕುಡಿ. ಕುಡಿದು ಉಳದದ್ದು ತುಳಸಿಗಿ ಹಾಕು. ನಾಳಿಂದ ತುಳಸಿ ತನ್ನ ಮೂಲಿಗೇ ಬರ್ತಾಳ."

"ಆಯಿ, ಎಂಜಲಾಗ್ತದ..." ಎಂದರು ಬಂಡುರಾಯರು.

ಆ ಮಾತು ಆಕೆಗೆ ಕೇಳಿಸಿತೋ ಇಲ್ಲವೋ. ಕಿವಿ ಮಂದವಾಗಿರುವುದಕ್ಕೂ ಒಂದು ಲಾಭವಿದೆ. ಮಾಪಣ್ಣ ತಂಬಿಗೆಗೆ ತುಟಿ ಹಚ್ಚಿ ಅರ್ಧ ಕುಡಿದ. ಕಣ್ಣು ತುಂಬಿ ಬಂದದ್ದನ್ನು ಅವನು ಒರೆಸಿಕೊಳ್ಳಲೂ ಇಲ್ಲ. ಉಳಿದದ್ದನ್ನು ಒಯ್ದು ಮುಂದಿನ ಬಾಗಿಲ ತುಳಸಿಗೆ ಸುರಿದ.

ಹಿಂದಿರುಗಿ ಬಂದಾಗ ಸರಸ್ವತೀಬಾಯಿ ಅವನು ತಂದಿದ್ದ ಕೆಂಪು ಬಾಳೆಹಣ್ಣು ಸುಲಿಯುತ್ತ, ಹೆಡ್‌ಫೋನನ್ನು ಮತ್ತೆ ಹಾಕಿಕೊಂಡು ಕುಳಿತಿದ್ದಳು. "ಕೊಟ್ಟೆ ನೋಡ್ರಿ" ಎಂದು ಗಂಡನಿಗೆ ಹೇಳುತ್ತಿದ್ದಳು.