ಗಾಳಿಬೀಡಿನಿಂದ ಕಾರು ತಂದದ್ದು

ನನ್ನ ಗಂಡ ಮಡಿಕೇರಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ಮದುವೆಯಾದ ಮೂರನೆಯ ವರ್ಷ ಅವರು ಒಂದು ಕಾರು ಕೊಂಡರು. ಕೊಡಗು ಆಗಿನ್ನೂ ಪ್ರತ್ಯೇಕ ರಾಜ್ಯ. ತೋಟಗಳ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ತಮ್ಮ ದೇಶಕ್ಕೆ ಹೊರಟಿದ್ದ ಕಾಲ. ಬಿಟ್ಟಂಗಾಲದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದವರು ನನ್ನ ಗಂಡನ ಜೊತೆ ಓದಿದವರು. ಅವರು ಒಂದು ದಿನ ಮನೆಗೆ ಬಂದು ಕಾಫಿ ಕುಡಿಯುತ್ತ ಸುದ್ದಿ ಹೇಳಿದರು.

"ದೊರೆಯ ಒಳ್ಳೆ ಕಾರು ಮೈಸೂರಿನವರಿಗೆ ಹೋಯ್ತು. ಹಳೇದೊಂದು ಶೆಡ್ಡಲ್ಲಿ ಉಂಟು ಮಾರಾಯ. ಯಾರಾದ್ರೂ ತಗೊಂಡು ಹೋದ್ರೆ ಸಾಕು ಅಂತಿದ್ದಾರೆ."

ಅವರು ಹೇಳಿದ ಬೆಲೆಗೆ ಆಗ ಒಂದು ಜೊತೆ ಒಳ್ಳೆಯ ಎತ್ತೂ ಸಿಗುತ್ತಿರಲಿಲ್ಲ.  ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ಅಮ್ಮ ಗಾಳಿಬೀಡಿಗೆ ಹೋಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ನನ್ನ ನಾದಿನಿಯನ್ನು ಕೊಟ್ಟದ್ದು ಗಾಳಿಬೀಡಿಗೆ. ಮಡಿಕೇರಿಯಿಂದ ದೂರವೇನಲ್ಲ, ಆದರೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅತ್ತೆಗೆ ಮಂಡಿನೋವು ಶುರುವಾದ ಮೇಲೆ ಅವರು ಮಗಳ ಮನೆ ನೋಡಿ ವರ್ಷ ಕಳೆದಿತ್ತು. ನನಗೆ ಆಗಲೇ ಗೊತ್ತಾಯಿತು, ಕಾರು ಬರುತ್ತದೆ ಎಂದು.

ಅದನ್ನು ಬಿಟ್ಟಂಗಾಲದಿಂದ ಓಡಿಸಿಕೊಂಡು ಬಂದವರು ಕಾಕ. ನಮ್ಮ ಬೀದಿಯ ಕೆಳತುದಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟಿದ್ದ ಮಲಯಾಳಿ ಹಿರಿಯರು. ಊರವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಕಾರು ಮನೆಯ ಮುಂದೆ ನಿಂತಾಗ ಮೊದಲು ಬಂದದ್ದು ಹೊಗೆ, ಆಮೇಲೆ ಕೋಳಿಯ ವಾಸನೆ. ಎರಡು ವರ್ಷ ಶೆಡ್ಡಿನಲ್ಲಿ ನಿಂತಿದ್ದಾಗ ಎಸ್ಟೇಟಿನ ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟಿದ್ದವು. ಮೇಲಿನ ಕ್ಯಾನ್ವಾಸು ಹರಿದು ಜೋತಾಡುತ್ತಿತ್ತು. ಒಂದು ದೀಪಕ್ಕೆ ಗಾಜಿಲ್ಲ.

"ಮೇಷ್ಟ್ರೇ, ವಂಡಿಗೆ ಪ್ರಾಯ ಆಗಿದೆ ಅಷ್ಟೆ," ಎಂದರು ಕಾಕ. "ಜೀವ ಗಟ್ಟಿ ಉಂಟು."

ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. "ಚರ್ಮದ ಸೀಟು. ಮೇಲಿಂದ ಕೋಳಿ. ಇದರಲ್ಲಿ ನಾನು ಕೂರ್ಬೇಕಾ?"

"ತೊಳೀತೇನಮ್ಮ," ಎಂದರು ನನ್ನ ಗಂಡ.

ಮೂರು ದಿನ ತೊಳೆದರು. ನಾನು ಸೀಗೆಪುಡಿ ಹಾಕಿ ಉಜ್ಜಿದೆ. ಕೊನೆಗೆ ಅತ್ತೆ ತಮ್ಮ ಧಾಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಿಂದಿನ ಸೀಟಿಗೆ ಹಾಸಿ, ಅದರ ಮೇಲೆ ಒಂದು ಮಣೆ ಇಟ್ಟು, ಮಣೆಯ ಮೇಲೆ ಕೂತರು. ತಲೆ ಕ್ಯಾನ್ವಾಸಿಗೆ ತಾಗುತ್ತಿತ್ತು. ಹೀಗೆ ಅವರು ಮೊದಲ ಸಲ ರಾಜಾಸೀಟಿನವರೆಗೆ ಹೋಗಿ ಬಂದರು. ಬಂದ ಮೇಲೆ ಸ್ನಾನ ಮಾಡಿದರು. ಆದರೆ ಅಂದು ಸಂಜೆ ಪಕ್ಕದ ಮನೆಯವರಿಗೆ ಆ ಸವಾರಿಯ ವರ್ಣನೆ ಮಾಡುವಾಗ ಅವರ ದನಿ ಬೇರೆಯೇ ಇತ್ತು.

ಅಂಥ ಕಾರನ್ನು ಇಟ್ಟುಕೊಳ್ಳುವುದೆಂದರೆ ದಿನಕ್ಕೊಂದು ಉಪಾಯ ಹುಡುಕುವುದು. ರೇಡಿಯೇಟರ್ ಸೋರಿದಾಗ ಕಾಕ ಹೇಳಿದಂತೆ ಅರಿಶಿನ ಪುಡಿ ಹಾಕಿದೆವು. ಪೆಟ್ರೋಲ್ ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪನ್ನು ಒತ್ತಿ ಮೆತ್ತಿದೆವು, ಅದು ತಿಂಗಳುಗಟ್ಟಲೆ ನಿಂತಿತು. ಟೈರು ಸವೆದು ಬಾಯಿ ಬಿಟ್ಟಲ್ಲಿ ಹಳೆಯ ಟೈರಿನ ತುಂಡನ್ನು ಒಳಗಿಟ್ಟು ಓಡಿಸಿದೆವು. ಮೇಲಿನ ಹೊದಿಕೆಯನ್ನು ನಾನೇ ಟಾರ್ಪಾಲು ತಂದು ದಬ್ಬಣದಲ್ಲಿ ಹೊಲಿದೆ. ಮನೆ ಇಳಿಜಾರಿನ ಮೇಲುತುದಿಯಲ್ಲಿ ಇದ್ದದ್ದು ನಮ್ಮ ಪುಣ್ಯ. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ಕಾರು ತಾನಾಗಿ ಉರುಳಿ ಅರ್ಧ ದಾರಿಯಲ್ಲಿ ಸ್ಟಾರ್ಟ್ ಆಗುತ್ತಿತ್ತು.

ಸಮತಟ್ಟು ಜಾಗದಲ್ಲಿ ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಅದನ್ನು ಹೊಡೆದು ಎಂಜಿನ್ ಎಬ್ಬಿಸಬೇಕು. ಅದಕ್ಕೆ ಇಬ್ಬರು ಬೇಕು. ನನ್ನ ಗಂಡ ಮುಂದೆ ನಿಂತು ಹ್ಯಾಂಡಲ್ ತಿರುಗಿಸುವಾಗ ಒಳಗೆ ಕೂತು ಎಂಜಿನ್ ಸಾಯದಂತೆ ನೋಡಿಕೊಳ್ಳುವವರು ಯಾರು? ಹಾಗೆ ನಾನು ಡ್ರೈವರ್ ಸೀಟಿನಲ್ಲಿ ಕೂತದ್ದು. ಸ್ಟಿಯರಿಂಗ್ ಚಕ್ರದ ನಡುವೆ ಒಂದು ಸಣ್ಣ ಕಡ್ಡಿ ಇತ್ತು. ಎಂಜಿನ್ನಿನೊಳಗೆ ಕಿಡಿ ಯಾವಾಗ ಹಾರಬೇಕು ಎಂಬುದನ್ನು ಅದು ಹಿಂದೆ ಮುಂದೆ ಮಾಡುತ್ತಿತ್ತು. ಕಾಕ ನನಗೆ ಅದನ್ನು ಮೂರು ಸಲ ಹೇಳಿಕೊಟ್ಟಿದ್ದರು.

"ಅಮ್ಮಾ, ಹ್ಯಾಂಡಲ್ ಹೊಡೆಯೋ ಮೊದಲು ಇದು ಕೆಳಗೆ ಇರ್ಬೇಕು. ಮೇಲೆ ಇದ್ದರೆ ಹ್ಯಾಂಡಲ್ ತಿರುಗಿ ಒದೀತದೆ. ಕತ್ತೆ ಒದ್ದ ಹಾಗೆ ಅಲ್ಲ, ಆನೆ ಒದ್ದ ಹಾಗೆ."

ನನ್ನ ಗಂಡನಿಗೆ ಡ್ರೈವಿಂಗ್ ಕಲಿಸಿದವರೂ ಕಾಕನೇ. ಗೇರಿನ ಹಲ್ಲುಗಳ ಲೆಕ್ಕವನ್ನು ನನ್ನ ಗಂಡ ಕಾಗದದ ಮೇಲೆ ಬರೆದು ನನಗೆ ವಿವರಿಸುತ್ತಿದ್ದರು, ಬಹಳ ಚೆನ್ನಾಗಿ. ಆದರೆ ರಸ್ತೆಗಿಳಿದರೆ ಮಾತೇ ಇಲ್ಲ. ಮಡಿಕೇರಿಯ ಚಳಿಯಲ್ಲೂ ಅವರ ಅಂಗಿಯ ಬೆನ್ನು ಒದ್ದೆಯಾಗುತ್ತಿತ್ತು. ಅದು ಏಕಾಗ್ರತೆ ಎಂದು ನಾನು ತಿಳಿದಿದ್ದೆ. ಕಾರು ಕೆಟ್ಟು ನಿಂತ ದಿನಗಳಲ್ಲಿ ಅದನ್ನು ಗ್ಯಾರೇಜಿನವರೆಗೆ ಉರುಳಿಸಬೇಕಾಗುತ್ತಿತ್ತು. ಆಗ ಅವರು, "ನೀನು ಒಳಗೆ ಕೂತ್ಕೋ, ನಾನು ತಳ್ತೇನೆ," ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರು ಶಾಲೆಯಲ್ಲಿದ್ದಾಗ, ರಿಪೇರಿಯಾದ ಕಾರನ್ನು ಮೈದಾನದಲ್ಲಿ ಎರಡು ಸುತ್ತು ಓಡಿಸಲು ಕಾಕ ನನ್ನನ್ನು ಬಿಟ್ಟರು. "ಮೇಷ್ಟ್ರಿಗೆ ಹೇಳಬೇಡಿ. ನಿಮ್ಮ ಕೈ ಅವರ ಕೈಯಷ್ಟು ಹೆದರೂದಿಲ್ಲ," ಎಂದು ನಕ್ಕರು. ನಾನೂ ನಕ್ಕೆ.

ನಾದಿನಿಯ ಮಗುವಿನ ನಾಮಕರಣಕ್ಕೆ ನಾವು ಮೂವರೂ ಕಾರಿನಲ್ಲೇ ಗಾಳಿಬೀಡಿಗೆ ಹೋದೆವು. ಅತ್ತೆ ಮಗಳ ಮನೆಯ ಅಂಗಳದಲ್ಲಿ ಕಾರಿನಿಂದ ಇಳಿದದ್ದನ್ನು ಅಲ್ಲಿದ್ದವರೆಲ್ಲ ನಿಂತು ನೋಡಿದರು. ಊಟವಾಗಿ, ಎಲೆಅಡಿಕೆಯಾಗಿ, ಮೂರು ಗಂಟೆಯ ಹೊತ್ತಿಗೆ ಹೊರಟೆವು. ಆ ಅಂಗಳ ತಟ್ಟೆಯ ಹಾಗೆ ಸಮ. ಹ್ಯಾಂಡಲ್ಲೇ ಗತಿ.

ನಾನು ಸೀಟಿನಲ್ಲಿ ಕೂತೆ. ಸುತ್ತ ಹತ್ತಿಪ್ಪತ್ತು ಜನ. ನಾದಿನಿ ಹೋಳಿಗೆಯ ಪೊಟ್ಟಣವನ್ನು ನನ್ನ ಮಡಿಲಲ್ಲಿಟ್ಟು, "ಅತ್ತಿಗೆ, ತುಪ್ಪ ಚೆಲ್ತದೆ, ನೋಡ್ಕೊಳ್ಳಿ," ಎಂದಳು. ನಾನು ಪೊಟ್ಟಣವನ್ನು ನೆಟ್ಟಗೆ ಮಾಡುತ್ತಿದ್ದೆ. ಮುಂದೆ ಅವರು ಬಗ್ಗಿದ್ದು ಕಂಡಿತು. ಫಟ್ ಎಂದು ಒಂದು ಸದ್ದು. ಅವರು ಕಾಣಲಿಲ್ಲ.

ಇಳಿದು ಓಡಿದೆ. ಅವರು ನೆಲದ ಮೇಲೆ ಕೂತಿದ್ದರು. ಬಲಗೈ ಮಣಿಕಟ್ಟಿನ ಹತ್ತಿರ ಇರಬಾರದ ಕಡೆಗೆ ಬಾಗಿತ್ತು. ಮುಖ ಸುಣ್ಣದ ಹಾಗೆ.

"ಏನಿಲ್ಲ," ಎಂದರು. "ಹ್ಯಾಂಡಲಿಗೆ ಹೆಬ್ಬೆರಳು ಸುತ್ತಿ ಹಿಡಿದುಬಿಟ್ಟೆ, ಹಾಗೆ ಹಿಡೀಬಾರ್ದು. ನನ್ನದೇ ತಪ್ಪು."

ನಾನು ತಿರುಗಿ ಕಾರಿನೊಳಗೆ ನೋಡಿದೆ. ಕಡ್ಡಿ ಮೇಲೇ ಇತ್ತು.

ಅತ್ತೆ ಅಳತೊಡಗಿದರು. ನಾದಿನಿಯ ಗಂಡ ಅಡಿಕೆಹಾಳೆಯ ಎರಡು ತುಂಡು ತಂದು ಕೈಯ ಎರಡೂ ಬದಿಗೆ ಇಟ್ಟು ಪಂಚೆ ಹರಿದು ಕಟ್ಟಿದರು. "ಬಸ್ಸು ಇನ್ನು ನಾಳೆಯೇ. ಗಾಡಿ ಕಟ್ಟಿಸ್ತೇನೆ," ಎಂದರು. ಎತ್ತಿನ ಗಾಡಿಯಲ್ಲಿ ಆ ಏರುದಾರಿ, ಆ ಕೈ. ನಾನು ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ: "ಕಾರನ್ನು ರಸ್ತೆಗೆ ತಳ್ಳಿ ಕೊಡಿ. ನಾನು ಓಡಿಸ್ತೇನೆ."

 ನನ್ನ ಗಂಡ ಎದ್ದು ನಿಂತು, ಎಡಗಡೆಯ ಬಾಗಿಲು ತೆರೆದು ಕೂತರು. "ಅಮ್ಮಾ, ಹತ್ತು," ಎಂದರು.

ಅತ್ತೆ ಹತ್ತಿದರು. ಮಣೆ ಅಂಗಳದಲ್ಲೇ ಉಳಿಯಿತು. ಬರಿಯ ಸೀಟಿನ ಮೇಲೆ ಕೂತು, ಮುಂದಕ್ಕೆ ಬಗ್ಗಿ, ಮಗನ ಎಡಭುಜವನ್ನು ಹಿಡಿದುಕೊಂಡರು.

ಗಂಡಸರೆಲ್ಲ ಸೇರಿ ಕಾರನ್ನು ರಸ್ತೆಯವರೆಗೆ ತಳ್ಳಿದರು. ಇಳಿಜಾರಿನಲ್ಲಿ ಅದು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಈ ಸಲ ಕಡ್ಡಿ ಎಲ್ಲಿದೆ ಎಂದು ನೋಡಿದ್ದೆ. ಮೈದಾನದ ಎರಡು ಸುತ್ತಿನ ಆಚೆ ನನಗೆ ಏನೂ ಬರುತ್ತಿರಲಿಲ್ಲ. ಏರು ಬಂದಾಗ ಗೇರು ಬದಲಿಸಲು ಹೋಗಿ ಕರಕರ ಎನಿಸಿದೆ. "ಕ್ಲಚ್ಚು ಪೂರ್ತಿ ಒತ್ತು. ಹಾಂ. ಈಗ," ಎಂದು ಅವರು ಹಲ್ಲು ಕಚ್ಚಿಕೊಂಡೇ ಹೇಳಿದರು. ಪ್ರತಿಯೊಂದು ಗುಂಡಿಗೂ ಅವರ ಉಸಿರು ನಿಲ್ಲುವುದು ನನಗೆ ಕೇಳುತ್ತಿತ್ತು. ಗುಂಡಿ ತಪ್ಪಿಸಲು ಕಲಿತದ್ದು ಆ ಸದ್ದಿನಿಂದ.

ಅರ್ಧ ದಾರಿಯಲ್ಲಿ, ತಿರುವಿನಲ್ಲಿ, ಮರದ ದಿಮ್ಮಿ ಹೇರಿದ ಲಾರಿಯೊಂದು ಎದುರು ಬಂತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಯಾರಾದರೂ ಹಿಂದೆ ಹೋಗಲೇಬೇಕು. ನನಗೆ ರಿವರ್ಸ್ ಗೊತ್ತಿರಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತೆ. ಲಾರಿಯವನು ಸಿಟ್ಟಿನಿಂದ ಹಾರ್ನ್ ಹೊಡೆದ. ಆಮೇಲೆ ಇಳಿದು ಬಂದ. ಸೀಟಿನಲ್ಲಿ ಸೀರೆಯುಟ್ಟವಳನ್ನು ಕಂಡ, ಕಟ್ಟಿದ ಕೈಯನ್ನೂ ಕಂಡ.

"ಎಂತಾಯ್ತು ಅಕ್ಕ?"

"ಹ್ಯಾಂಡಲ್ ಒದೀತು. ಆಸ್ಪತ್ರೆಗೆ ಹೋಗ್ಬೇಕು. ನನಗೆ ಹಿಂದೆ ತೆಗೆಯೋಕೆ ಬರೂದಿಲ್ಲ."

ಅವನು ತಲೆ ಕೆರೆದುಕೊಂಡ. "ನೀವು ಅಲ್ಲೇ ಇರಿ. ನಾನೇ ಹೋಗ್ತೇನೆ."

ಅಷ್ಟು ದಿಮ್ಮಿ ಹೊತ್ತ ಲಾರಿಯನ್ನು ಅವನು ಆ ತಿರುವಿನಲ್ಲಿ ಹಿಂದಕ್ಕೆ, ಏರಿಗೆ ತೆಗೆದುಕೊಂಡು ಹೋದ. ಅಗಲ ಜಾಗ ಸಿಕ್ಕುವವರೆಗೂ ಹೋದ. ನಾನು ದಾಟುವಾಗ ಕೈ ಎತ್ತಿದ. ಧನ್ಯವಾದ ಹೇಳಲು ಸ್ಟಿಯರಿಂಗಿನಿಂದ ಕೈ ತೆಗೆಯುವ ಧೈರ್ಯ ನನಗಿರಲಿಲ್ಲ. ಅತ್ತೆ ಹಿಂದಿನಿಂದ ಎರಡೂ ಕೈ ಮುಗಿದರಂತೆ.

ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದರು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ನನ್ನ ಗಂಡ ಮತ್ತೆ ಹೆಬ್ಬೆರಳಿನ ಕಥೆಯನ್ನೇ ಹೇಳಿದರು. ಮಾರನೆಯ ದಿನ ಕಾಕ ಬಂದು, "ಎಷ್ಟು ಸಲ ಹೇಳಿದ್ದೆ ಮೇಷ್ಟ್ರೇ, ಹೆಬ್ಬೆರಳು ಹೊರಗೆ ಅಂತ," ಎಂದು ಗದರಿದರು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ.

ಊರಿನಲ್ಲಿ ಸುದ್ದಿ ಹರಡಿತು. ಅತ್ತೆ ದೇವಸ್ಥಾನಕ್ಕೆ ಹೋದಾಗ ಯಾರೋ, "ಸೊಸೆ ಕಾರು ಓಡಿಸಿದಳಂತೆ?" ಎಂದು ಮೂಗು ಮುರಿದರಂತೆ. ಅತ್ತೆ, "ಹೌದು. ನನ್ನ ಮಗನ ಕೈ ಉಳಿಸಿದಳು," ಎಂದರಂತೆ. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯವರು. ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು. ಕೈ ಮುರಿದವಳೇ ನಾನು. ಕಾರಿನ ಹತ್ತಿರ ಹೋಗುವುದನ್ನೇ ಬಿಟ್ಟೆ. ಅದು ಮನೆಯ ಮುಂದೆ ಧೂಳು ಹಿಡಿದು ನಿಂತಿತ್ತು.

ಬಲಗೈ ಪ್ಲಾಸ್ಟರಿನಲ್ಲಿ ಇದ್ದುದರಿಂದ ಅವರಿಗೆ ನಾನೇ ಅನ್ನ ಕಲಸಿ ತುತ್ತು ಕೊಡಬೇಕಿತ್ತು. ಮೊದಮೊದಲು ಅತ್ತೆಯ ಮುಂದೆ ಇಬ್ಬರಿಗೂ ನಾಚಿಕೆ. ಅತ್ತೆ ಅದನ್ನು ಅರಿತು ಊಟದ ಹೊತ್ತಿಗೆ ಹಿತ್ತಲಿಗೆ ಹೋಗುತ್ತಿದ್ದರು. ಮೂರನೆಯ ವಾರದಲ್ಲಿ ಒಂದು ಭಾನುವಾರ, ಸಾರನ್ನ ಕಲಸುತ್ತಿದ್ದವಳಿಗೆ ತಡೆಯಲಾಗಲಿಲ್ಲ.

"ರೀ, ಹೆಬ್ಬೆರಳಿನಿಂದ ಆದದ್ದಲ್ಲ. ನಾನು ಕಡ್ಡಿ ಕೆಳಗೆ ಮಾಡಿರ್ಲಿಲ್ಲ."

ಅವರು ಬಾಯಿಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿದರು. "ಗೊತ್ತು."

"ಗೊತ್ತಾ?"

"ಕಾರು ಹತ್ತುವಾಗ್ಲೇ ನೋಡಿದೆ. ಮೇಲೇ ಇತ್ತಲ್ಲ."

"ಮತ್ತೆ ಎಲ್ಲರ ಹತ್ರ ನಿಮ್ಮದೇ ತಪ್ಪು ಅಂದ್ರಿ. ಕಾಕನ ಹತ್ರ ಬೈಸ್ಕೊಂಡ್ರಿ."

"ಹೇಳಿದ್ರೆ ನೀನು ಆ ಸೀಟಲ್ಲಿ ಕೂತ್ಕೊಳ್ತಿದ್ಯಾ? ನಮ್ಮನ್ನು ಮನೆಗೆ ತರುವವರು ಯಾರು?"

ನನ್ನ ಕಣ್ಣಲ್ಲಿ ನೀರು ಬಂತು. ಎಂಜಲು ಕೈಯಲ್ಲಿ ಒರೆಸಿಕೊಳ್ಳುವಂತಿರಲಿಲ್ಲ. ಅವರು ತಮ್ಮ ಎಡಗೈಯಿಂದ ಒರೆಸಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಬಹಳ ಮೆಲ್ಲಗೆ ಹೇಳಿದರು: "ನಾನೂ ಒಂದು ಹೇಳ್ಬೇಕು. ನನಗೆ ಅದನ್ನು ಓಡಿಸೋಕೆ ಭಯ. ಮೊದಲ ದಿನದಿಂದಲೂ. ಅಮ್ಮನ್ನ ಕೂರಿಸ್ಕೊಂಡ್ರಂತೂ ಕೇಳೂದೇ ಬೇಡ. ಕೈ ಮುರಿದಾಗ ನೋವಿಗಿಂತ ಮೊದಲು ಅನಿಸಿದ್ದು, ಅಬ್ಬ, ಇವತ್ತು ನಾನು ಓಡಿಸ್ಬೇಕಾಗಿಲ್ಲ ಅಂತ."

ಲೆಕ್ಕದಲ್ಲಿ ಯಾರೂ ಅವರನ್ನು ಸೋಲಿಸಲಾಗದ ಮನುಷ್ಯ. ಅಷ್ಟು ತಿಂಗಳು ಆ ಭಯವನ್ನು ಒದ್ದೆ ಅಂಗಿಯೊಳಗೆ ಇಟ್ಟುಕೊಂಡು ನಮ್ಮನ್ನು ಸುತ್ತಾಡಿಸಿದ್ದರು. ನಾನು ಇನ್ನೊಂದು ತುತ್ತು ಕೊಟ್ಟೆ. 

ಮುಂದಿನ ವಾರ ನಾನು ಮತ್ತೆ ಆ ಸೀಟಿನಲ್ಲಿ ಕೂತೆ, ಕಾಕ ನನಗೆ ರಿವರ್ಸ್ ಕಲಿಸಿದರು. ಲೈಸೆನ್ಸಿನ ಪರೀಕ್ಷೆಗೆ ಅತ್ತೆಯೂ ಬಂದು ಮೈದಾನದ ಅಂಚಿನಲ್ಲಿ ಕೂತರು. ಪರೀಕ್ಷೆ ಮಾಡಿದ ಅಧಿಕಾರಿ ನನ್ನನ್ನು ನಾಲ್ಕು ಸಲ ಹಿಂದಕ್ಕೆ ತೆಗೆಸಿದರು. ಗಂಡಸರಿಗೆ ಒಂದೇ ಸಲವಂತೆ. ನಾಲ್ಕೂ ಸಲ ಸರಿಯಾಗಿ ತೆಗೆದೆ.

ಆ ಕಾರು ಇನ್ನೂ ಎರಡು ವರ್ಷ ಓಡಿತು. ಎಂಜಿನ್ ಬಿರುಕು ಬಿಟ್ಟ ಮೇಲೆ ಕಾಕ ಅದನ್ನು ಬಿಡಿಭಾಗಗಳಿಗಾಗಿ ತೆಗೆದುಕೊಂಡರು. ಅಮ್ಮತ್ತಿಯಲ್ಲಿ ಕಾಫಿ ವ್ಯಾಪಾರಿಯೊಬ್ಬರ ಹತ್ತಿರ ಇನ್ನೊಂದು ಹಳೆಯ ಕಾರು ಇದೆ ಎಂದು ಕೇಳಿ ಬಸ್ಸಿನಲ್ಲಿ ಇಬ್ಬರೂ ಹೋದೆವು. ವ್ಯಾಪಾರಿ ಪೂರ್ತಿ ನನ್ನ ಗಂಡನ ಕಡೆಗೇ ತಿರುಗಿ ಕಾರಿನ ಗುಣಗಾನ ಮಾಡಿದರು. ಅವರು ಕೊನೆಯವರೆಗೂ ಕೇಳಿ, "ನನಗೆ ಓಡಿಸೋಕೆ ಬರೂದಿಲ್ಲ. ಅವಳನ್ನು ಕೇಳಿ," ಎಂದರು. ವ್ಯಾಪಾರಿ ಪೆಚ್ಚಾಗಿ ನನ್ನನ್ನು ನೋಡಿದರು.

ನಾನು ಬಾನೆಟ್ಟು ಎತ್ತಿಸಿದೆ. ಎಂಜಿನ್ ಓಡಿಸಿ ಕಿವಿಗೊಟ್ಟೆ. ಏರಿಗೆ ಒಂದು ಸಲ ತೆಗೆದುಕೊಂಡು ಹೋದೆ. ಎರಡನೆಯ ಗೇರು ಜಾರಿ ಕಳಚಿಕೊಳ್ಳುತ್ತಿತ್ತು. ಹಾಗೆಂದು ಹೇಳಿದೆ. ವ್ಯಾಪಾರಿ ಗಡ್ಡ ಸವರಿ, "ನಿಮಗೆ ಗೊತ್ತಾಗ್ತದೆ ಅಂತ ನನಗೆ ಗೊತ್ತಿರ್ಲಿಲ್ಲ ಅಮ್ಮ," ಎಂದು ನಕ್ಕು ಬೆಲೆ ಇಳಿಸಿದರು.

ಎರಡನೆಯ ಗೇರನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡೇ ನಾನು ಮಡಿಕೇರಿಯ ಕಡೆ ಹೊರಟೆ. ಕಾಫಿ ಹೂ ಬಿಟ್ಟ ದಿನಗಳು, ರಸ್ತೆಯ ಎರಡೂ ಬದಿ ಬೆಳ್ಳಗೆ. ಸ್ವಲ್ಪ ದೂರ ಹೋದ ಮೇಲೆ ಅದನ್ನು ತೋರಿಸೋಣವೆಂದು ಪಕ್ಕಕ್ಕೆ ನೋಡಿದೆ. ನನ್ನ ಗಂಡ ಬಾಗಿಲಿಗೆ ತಲೆಯಾನಿಸಿ, ಬಾಯಿ ತೆರೆದು, ಗಾಢವಾಗಿ ನಿದ್ದೆ ಮಾಡುತ್ತಿದ್ದರು.