ಕಣದ ಅಂಚಿನಲ್ಲಿ ಸೈಲೆನ್ಸರ್

ನನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಹಿಂಭಾಗ ಗಡಗಡ ಎನ್ನತೊಡಗಿದಾಗ ಗಂಡ ತಮ್ಮ ಜೀಪಿನಿಂದ ಇಳಿಯುತ್ತಾ, "ಈ ರಸ್ತೆಗಲ್ಲ ಇದು, ಮಾರಿಬಿಡು" ಎಂದರು. ಮೂಡಿಗೆರೆಯ ಮೆಕ್ಯಾನಿಕ್ ಬಗ್ಗಿಯೂ ನೋಡದೆ, "ಸೈಲೆನ್ಸರ್ ಹೊಸದೇ ಹಾಕ್ಬೇಕು ಮೇಡಂ" ಎಂದ. ನನಗೆ ರೇಗಿತು. ಸದ್ದು ಎಲ್ಲಿಂದ ಬರುತ್ತದೆಂದು ತಿಳಿಯದೆ ಒಂದು ನಟ್ಟನ್ನೂ ಬದಲಿಸುವುದಿಲ್ಲ ಎಂದು ಹಟ ಹಿಡಿದೆ.

ಕಾರಿನಡಿ ತಲೆ ತೂರಿಸಲೂ ಜಾಗವಿರಲಿಲ್ಲ. ಹಾಗಾಗಿ ಕಾಫಿ ಒಣಗಿಸುವ ಕಣದ ಅಂಚಿನಿಂದ ಕಾರಿನ ಹಿಂಭಾಗ ಹೊರಚಾಚುವಂತೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೆಳಗಿನ ತಗ್ಗಿನಲ್ಲಿ ನಿಂತೆ. ಸೈಲೆನ್ಸರ್ ಮುಖದೆದುರೇ ಇತ್ತು. ಬಿಸಿ ಆರಿದ ಮೇಲೆ, ಹಲಸಿನ ಹಣ್ಣು ಬಡಿದು ನೋಡುವಂತೆ ಮುಷ್ಟಿಯಿಂದ ಬಡಿಯುತ್ತ ಬಂದೆ. ಸೈಲೆನ್ಸರಿನೊಳಗಿಂದ ಸದ್ದಿಲ್ಲ. ಅದಕ್ಕೆ ಸೇರುವ ಪೈಪಿನ ಮೇಲೆ ಶಾಖ ತಡೆಯಲು ಹೊದಿಸಿದ ತಗಡು ಮಾತ್ರ, ಬೋಲ್ಟಿನ ತೂತು ತುಕ್ಕು ತಿಂದು ಸಡಿಲಾಗಿ, ಗಡಗಡ ಎಂದಿತು. ತೋಟದ ಸ್ಪ್ರಿಂಕ್ಲರ್ ಪೈಪಿನ ಸ್ಟೀಲ್ ಕ್ಲಾಂಪ್ ಒಂದನ್ನು ತಗಡಿನ ಸುತ್ತ ಹಾಕಿ ಬಿಗಿದೆ.

ಗಂಡನನ್ನು ಕೂರಿಸಿಕೊಂಡು ಕೊಟ್ಟಿಗೆಹಾರದವರೆಗೆ ಹೋಗಿ ಬಂದೆ. ಕಾರು ತುಟಿಪಿಟಕ್ಕೆನ್ನಲಿಲ್ಲ. ಇಳಿಯುತ್ತಾ ಅವರು ಹೇಳಿದರು: "ಈಗ ಮಾರಿದ್ರೆ ಒಳ್ಳೆ ರೇಟ್ ಬರ್ತದೆ."

"ನಿಮ್ಮ ಜೀಪ್ ಮಾರಿ ಮಾರಾಯ್ರೆ," ಎಂದೆ. "ಈಗ ಈ ಮನೇಲಿ ಗಡಗಡ ಅನ್ನೋದು ಅದೊಂದೇ."